ಹನ್ನೆರಡರಲ್ಲಿ ನಾಲ್ಕು

ಗೋಣಿಕೊಪ್ಪಲಿನ ಕಾಲೇಜು, ಮೇಲಂತಸ್ತಿನ ಲ್ಯಾಬು.
ಹದಿನೇಳು ಕಂಪ್ಯೂಟರಿನಲ್ಲಿ ಹನ್ನೊಂದಕ್ಕೆ ಜೀವ;
ಈ ಭಿನ್ನರಾಶಿ ಇನ್ನು ಚಿಕ್ಕದಾಗುವುದಿಲ್ಲ,
ಬೇಕಾದರೆ ಪ್ರಿನ್ಸಿಪಾಲರನ್ನು ಕೇಳಿ.
ಕರೆಂಟು ಹೋಗುವ ಮೊದಲು ಪ್ರಯೋಗ ಆರು:
ಭಿನ್ನರಾಶಿ ಎಂಬ ಕ್ಲಾಸು ಬರೆಯಿರಿ.
ಕೂಡಿ, ಕಳೆಯಿರಿ, ಗುಣಿಸಿ, ಭಾಗಿಸಿ.

ಬೋರ್ಡಿನ ಮೇಲೊಂದು ಅಡ್ಡಗೆರೆ ಎಳೆದೆ.
ಮೇಲಿನದು ಅಂಶ, ಅಂದರೆ ಪಾಲು.
ಕೆಳಗಿನದು ಛೇದ, ಅಂದರೆ ಕತ್ತಿ.
ಎರಡೂ ಪ್ರೈವೇಟ್. ಕೇಳಿದರೆ ಹೇಳುತ್ತದೆ,
ಕೈ ಹಾಕಗೊಡುವುದಿಲ್ಲ.
ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ
ಸೆರಗಿನ ಗಂಟು ಮುಷ್ಟಿಯಲ್ಲಿ ಹಿಡಿದು ಕೂತವಳ ಹಾಗೆ
ಎಂದೆ. ಯಾರೂ ನಗಲಿಲ್ಲ.
ಈಗ ಗಂಟು ಯಾರಿಗೆ ಗೊತ್ತು, ದುಡ್ಡೆಲ್ಲ ಫೋನಿನಲ್ಲಿ.

ಅರ್ಧಕ್ಕೆ ಮೂರನೇ ಒಂದು ಕೂಡಿದರೆ
ಐದರಲ್ಲಿ ಎರಡು ಎಂದಿತು ಸಿನಾನನ ಯಂತ್ರ.
'ಅರ್ಧಕ್ಕಿಂತ ಕಡಿಮೆಯಾಯಿತಲ್ಲೋ,
ಕೂಡಿದ್ದೋ, ಕದ್ದದ್ದೋ?'
ಕೊಂಡಂಗೇರಿಯ ಹುಡುಗ, ಅಪ್ಪನದು ಕರಿಮೆಣಸಿನ ತಕ್ಕಡಿ.
ಕಿವಿ ಕೆಂಪಾಯಿತು.
ಛೇದ ಸಮ ಮಾಡದೆ ಅಂಶ ಕೂಡಬಾರದೆಂದು
ನನಗಿಂತ ಮೊದಲೇ ತಕ್ಕಡಿ ಹೇಳಿಕೊಟ್ಟಿತ್ತು,
ಕೀಬೋರ್ಡಿನ ಮುಂದೆ ಮರೆತಿದ್ದ, ಅಷ್ಟೆ.

ಛೇದ ಸೊನ್ನೆಯಾದರೆ?
ಎಸೆಯಬೇಕು.
'ಎಲ್ಲಿಗೆ ಮೇಡಂ?' ಹಿಂದಿನ ಬೆಂಚು.
ಕರೆದವರ ಕಡೆಗೆ. ಅವರು ಹಿಡಿಯದಿದ್ದರೆ
ಅವರನ್ನು ಕರೆದವರ ಕಡೆಗೆ.
'ಯಾರೂ ಹಿಡಿಯದಿದ್ದರೆ?'
ಅಲ್ಲಿಗೆ ಮುಗಿಯಿತು. ಕಪ್ಪು ಪರದೆ, ಕೆಂಪು ಅಕ್ಷರ.

ಆಮೇಲೆ ಸಂಕ್ಷೇಪ.
ಕನ್‌ಸ್ಟ್ರಕ್ಟರಿನ ಹೊಸ್ತಿಲಲ್ಲೇ ಮ.ಸಾ.ಅ. ಹುಡುಕಿ
ಮೇಲೂ ಕೆಳಗೂ ಭಾಗಿಸಿ ಒಳಗೆ ಬಿಡಿ.
ಎಂಟರಲ್ಲಿ ಆರಾಗಿ ಬಂದದ್ದು ನಾಲ್ಕರಲ್ಲಿ ಮೂರಾಗಿ ಕೂರಲಿ.
ಋಣಚಿಹ್ನೆ ಕೆಳಗಿದ್ದರೆ ಮೇಲಕ್ಕೆ ಹತ್ತಿಸಿ.
ಒಂಬತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ,
ಸೀಮೆಸುಣ್ಣ ಸವೆದಿದೆ, ವಾಕ್ಯ ಸವೆದಿಲ್ಲ.

ಬೊಳ್ಳಮ್ಮನ ಪರದೆ ಮಾತ್ರ
4/12 ಎನ್ನುತ್ತಿತ್ತು.
'ಸಂಕ್ಷೇಪ ಬಿಟ್ಟಿದ್ದೀಯ.'
'ಬೇಕೆಂದೇ ಮೇಡಂ.
ನಮ್ಮ ಜಮ್ಮಾ ಗದ್ದೆಯ ಪಹಣಿಯಲ್ಲಿ ಹನ್ನೆರಡು ಹೆಸರು.
ನಾಲ್ಕು ನಮ್ಮ ಕಡೆಯವು: ಅಪ್ಪ, ಇಬ್ಬರು ಬಲ್ಯಪ್ಪ,
ಮತ್ತೆ ಕುಂಞಪ್ಪ, ಮರದ ಲಾರಿ ಹತ್ತಿ ಹೋದವರು,
ಎಲ್ಲಿದ್ದಾರೋ, ಹೆಸರು ಅಳಿಸಿಲ್ಲ.
ಮೂರರಲ್ಲಿ ಒಂದು ಎಂದು ಬರೆದರೆ
ಆ ಒಬ್ಬರು ಯಾರು?'

'ಬೆಲೆ ಒಂದೇ ತಾನೇ?'
'ಒಂದೇ. ಸಮವೇ ಎಂದು ಕೇಳಿ, ಹೌದನ್ನುತ್ತದೆ.'
ಅಡ್ಡಕ್ಕೆ ಗುಣಿಸಿ ತೋರಿಸಿದಳು,
ನಾಲ್ಕು ಮೂರಲಿ ಹನ್ನೆರಡು, ಹನ್ನೆರಡೊಂದಲಿ ಹನ್ನೆರಡು.
'ಸಮ ಆದರೆ ಸಾಲದೇ, ಅದೇ ಆಗಬೇಕೇ?'

ಮಗ್ಗಿ ಸರಿಯಿತ್ತು. ಕೋಡೂ ಸರಿಯಿತ್ತು.
ನನ್ನ ಬಳಿ ಉಳಿದದ್ದು ಹೆದರಿಕೆಯೊಂದೇ:
'ಹೀಗೇ ಬಿಟ್ಟರೆ ಕೂಡಿದಷ್ಟೂ ಛೇದ ಉಬ್ಬುತ್ತದೆ,
ಇಂಟಿಜರಿಗೊಂದು ಮಿತಿಯುಂಟು,
ದಾಟಿದರೆ ಮಗುಚಿಕೊಂಡು ಋಣವಾಗುತ್ತದೆ.'
'ಉಬ್ಬುತ್ತಲೇ ಇದೆ ಮೇಡಂ,
ಹೋದ ವರ್ಷ ಹದಿಮೂರನೆಯವರು ಮಡಿಕೇರಿ ಕೋರ್ಟಿಗೆ ಬಂದರು.'

ಪ್ರಶ್ನೆಯ ಹಾಳೆ ಬಯಸಿದ ಉತ್ತರ 1/3.
ನಿಯಮ ನಿಯಮವೇ, ಎರಡು ಅಂಕ ಕಡಿದೆ.
ರಿಜಿಸ್ಟರಿನಲ್ಲಿ ಹತ್ತಕ್ಕೆ ಎಂಟು ಬರೆದು
ಪೆನ್ನು ಎತ್ತದೆ ಕೇಳಿದೆ,
'ಐದಕ್ಕೆ ನಾಲ್ಕು ಎಂದು ಹಾಕಲೇ?'
ಆ ಹುಡುಗಿ ನಕ್ಕದ್ದನ್ನು ಮೊದಲ ಸಲ ನೋಡಿದೆ,

ಅಷ್ಟರಲ್ಲಿ ಕರೆಂಟು ಹೋಯಿತು.
ಹನ್ನೊಂದೂ ಒಟ್ಟಿಗೆ ನಿಟ್ಟುಸಿರಿಟ್ಟವು.
ಕತ್ತಲಲ್ಲಿ ಕುರ್ಚಿ ಎಳೆದ ಸದ್ದು, ಚೀಲದ ಜಿಪ್ಪು,
ಮೂಲೆಯಿಂದ ಸಿನಾನನ ಗೋಳು:
'ಆರರಲ್ಲಿ ಐದು ಬಂತು ಮೇಡಂ,
ಈಗಷ್ಟೇ ಬಂತು,
ನೀವು ನೋಡಲೇ ಇಲ್ಲ.'